ಕರೆದರೆ ಓಗೊಡುವ ಟೆಲಿವಿಷನ್ನೂ ನಮ್ಮ ಮನೆಯ ಮಾತೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಸ್ತ್ರೀವಿದ್ಯೆಯ ಮಹತ್ವವನ್ನು ಕುರಿತೋ ಶಿಸ್ತಿನ ಅವಶ್ಯಕತೆಯನ್ನು ಕುರಿತೋ ನಾಲ್ಕು ಮಾತುಗಳನ್ನು ನಾವು ಹೇಳುವೆವೆಂದು ಅವರು ಎಣಿಸಿದ್ದಿರಬೇಕು. ಆದರೆ ಈ ವರ್ಷ ನಮ್ಮ ಮನಸ್ಸನ್ನು ಬಿಡದೆ ಕಾಡುತ್ತಿರುವ ವಿಷಯವು ನೋಡುವುದಕ್ಕೆ ಬಹಳ ಅಲ್ಪವಾದುದು. ಮನೆಯ ಟೆಲಿವಿಷನ್ನನ್ನು ನಡೆಸುವ ರಿಮೋಟೆಂಬ ಅಂಗೈಯಗಲದ ಸಾಧನವೂ, ಇತ್ತೀಚೆಗೆ ಅದರೊಳಗೆ ಸೇರಿಕೊಂಡಿರುವ, ಬಾಯಿಮಾತಿನಿಂದಲೇ ಯಂತ್ರಕ್ಕೆ ಅಪ್ಪಣೆ ಕೊಡುವ ಅನುಕೂಲವೂ ಆ ವಿಷಯವು. ಇಷ್ಟು ಚಿಕ್ಕ ಸಂಗತಿಯನ್ನು ಮುಖ್ಯೋಪಾಧ್ಯಾಯಿನಿಯು ಇಷ್ಟು ದೊಡ್ಡದು ಮಾಡಬೇಕೇ ಎಂದು ಕೆಲವರು ಕೇಳಬಹುದು. ಅವರು ದಯಮಾಡಿ ಕಡೆಯ ತನಕ ಓದಬೇಕೆಂದು ಬೇಡಿಕೊಳ್ಳುತ್ತೇವೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರು ಕೂಡಿ ನಮ್ಮ ಬೋರ್ಡಿಂಗ್ ಮನೆಗೆ ಒಂದು ಹೊಸ ಟೆಲಿವಿಷನ್ನನ್ನು ಕಾಣಿಕೆಯಾಗಿ ಕೊಟ್ಟರು. ಅವರ ಪ್ರೀತಿಗೆ ನಾವು ಎಂದೆಂದಿಗೂ ಋಣಿಗಳು. ಅದು ಬಂದ ಸಾಯಂಕಾಲ ಹುಡುಗಿಯರೆಲ್ಲರೂ ಸಾಲಾಗಿ ನಿಂತು, ಒಬ್ಬೊಬ್ಬಳೂ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು ಒಂದೊಂದು ಅಪ್ಪಣೆಯನ್ನು ಕೊಟ್ಟರು. ಒಬ್ಬಳು ಹಾಡನ್ನು ಕೇಳಿದಳು, ಮತ್ತೊಬ್ಬಳು ಹುಲಿಯನ್ನು ತೋರಿಸೆಂದಳು. ಯಂತ್ರವು ಅಪ್ಪಣೆಯನ್ನು ನಡೆಸಿದಾಗಲೆಲ್ಲಾ ಕೇಕೆಯೂ ಚಪ್ಪಾಳೆಯೂ ಎದ್ದವು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಸರದಿ ಬಂತು. ಅವಳಿಗೆ ಮಾತನಾಡುವಾಗ ತೊದಲುಂಟು. ಅವಳು ಮೊದಲನೆಯ ಅಕ್ಷರವನ್ನು ಹಿಡಿದುಕೊಂಡು ಎರಡನೆಯದಕ್ಕೆ ದಾರಿ ಹುಡುಕುತ್ತಿರುವಷ್ಟರಲ್ಲಿಯೇ ಯಂತ್ರವು ಆಲಿಸುವುದನ್ನು ನಿಲ್ಲಿಸಿ, ತನಗೆ ತಿಳಿಯಲಿಲ್ಲವೆಂದು ಹೇಳಿಬಿಟ್ಟಿತು. ಮೂರು ಸಾರಿಯೂ ಹೀಗೆಯೇ ಆಯಿತು. ಯಾರೋ ನಕ್ಕರು. ಹುಡುಗಿಯು ರಿಮೋಟನ್ನು ಪಕ್ಕದವಳ ಕೈಗೆ ಕೊಟ್ಟು ಹಿಂದೆ ಹೋಗಿ ಕುಳಿತುಕೊಂಡಳು. ಆಮೇಲೆ ಎಷ್ಟೋ ವಾರ ಅವಳು ಆ ಸಾಧನವನ್ನು ಮುಟ್ಟಲಿಲ್ಲ. ನಮ್ಮ ಈ ಲೇಖನವು ಹುಟ್ಟಿದ್ದು ಅಂದಿನ ಸಾಯಂಕಾಲ.

ನಮ್ಮ ಬಾಲ್ಯದಲ್ಲಿಯೂ ಟೆಲಿವಿಷನ್ನು ಬಾಯಿಮಾತಿನಿಂದಲೇ ನಡೆಯುತ್ತಿತ್ತೆಂದರೆ ಈಗಿನ ಮಕ್ಕಳಿಗೆ ಆಶ್ಚರ್ಯವಾದೀತು. ಹೇಗೆಂದರೆ, ದೊಡ್ಡವರು ಕುರ್ಚಿಯಲ್ಲಿ ಕುಳಿತು, “ಸ್ವಲ್ಪ ಸದ್ದು ಕಡಿಮೆ ಮಾಡಮ್ಮಾ” ಎನ್ನುವರು. ಮನೆಯ ಅತಿ ಚಿಕ್ಕ ಮಗುವು, ಹೆಚ್ಚಾಗಿ ಹೆಣ್ಣುಮಗುವು, ಎದ್ದು ಹೋಗಿ ಗುಂಡಿಯನ್ನು ತಿರುಗಿಸುವುದು. ಮಾಡಿನ ಮೇಲೆ ಹತ್ತಿದ ಅಣ್ಣನು ಆಂಟೆನಾವನ್ನು ತಿರುವುತ್ತಾ “ಬಂತೇ?” ಎಂದು ಕೂಗುವನು. ಅಂಗಳದಲ್ಲಿ ನಿಂತ ತಂಗಿಯು “ಇನ್ನೂ ಎಡಕ್ಕೆ!” ಎಂದು ಉತ್ತರ ಕೊಡುವಳು. ದಿಲ್ಲಿಯಲ್ಲಿ 1959ನೆಯ ಸೆಪ್ಟೆಂಬರ್ 15ರಂದು ಆರಂಭವಾದ ಟೆಲಿವಿಷನ್ ಪ್ರಸಾರವು ಬೆಂಗಳೂರಿಗೆ ಕೇಂದ್ರವಾಗಿ ಬಂದದ್ದು 1981ರಲ್ಲಿ; ಬಣ್ಣದ ಚಿತ್ರ ಬಂದದ್ದು 1982ರಲ್ಲಿ. ವಾಹಿನಿಯು ಒಂದೇ ಆಗಿದ್ದ ಆ ದಿನಗಳಲ್ಲಿ ರಿಮೋಟಿನ ಅವಶ್ಯಕತೆಯು ಯಾರಿಗೂ ತೋರಲಿಲ್ಲ. 1990ರ ದಶಕದಲ್ಲಿ ಕೇಬಲ್ ತಂತಿಯ ಮೂಲಕ ವಾಹಿನಿಗಳು ಗುಂಪುಗುಂಪಾಗಿ ಮನೆಯೊಳಕ್ಕೆ ಬಂದ ಮೇಲೆಯೇ ರಿಮೋಟಿಗೆ ಅರಸುತನ ಬಂತು. ಅದು ಯಾರ ಕೈಯಲ್ಲಿದೆಯೋ ಅವರೇ ಮನೆಯ ಯಜಮಾನರೆಂಬ ಮಾತೂ ಅಂದಿನಿಂದ ಹುಟ್ಟಿತು.

ಆದರೆ ರಿಮೋಟಿನ ಕಥೆಯು ಇದಕ್ಕಿಂತ ಹಳೆಯದು. 1950ರಲ್ಲಿ ಅಮೆರಿಕಾದ ಜೆನಿತ್ ಎಂಬ ಕಂಪನಿಯು ಟೆಲಿವಿಷನ್ನಿಗೆ ಉದ್ದವಾದ ತಂತಿಯಿಂದ ಕಟ್ಟಿದ ಒಂದು ರಿಮೋಟನ್ನು ಮಾರಿತು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ ಮೈಗಳ್ಳನೆಂದು! ನಡುಮನೆಯಲ್ಲಿ ಹಾಸಿದ ಆ ತಂತಿಯನ್ನು ಜನರು ಎಡವುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿಯೆಂಬ ಎಂಜಿನಿಯರು ಬೆಳಕಿನ ಕಿರಣವನ್ನು ಬಿಟ್ಟು ನಡೆಸುವ ತಂತಿಯಿಲ್ಲದ ರಿಮೋಟನ್ನು ಮಾಡಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗ್ರಹಿಸುವ ಕಣ್ಣುಗಳಿದ್ದವು. ಬಿಸಿಲು ಬಿದ್ದರೂ ಅವು ಅಪ್ಪಣೆಯೆಂದೇ ತಿಳಿದು ವಾಹಿನಿಯನ್ನು ಬದಲಾಯಿಸಿಬಿಡುತ್ತಿದ್ದವು. ಮಾರನೆಯ ವರ್ಷ, ಎಂದರೆ 1956ರಲ್ಲಿ, ವಿಯೆನ್ನಾದಲ್ಲಿ ಹುಟ್ಟಿದ ರಾಬರ್ಟ್ ಆಡ್ಲರ್ ಎಂಬ ವಿಜ್ಞಾನಿಯು ಕಲ್ಪಿಸಿದ ರಿಮೋಟು ಹೊರಬಂತು. ಅದರೊಳಗೆ ಅಲ್ಯುಮಿನಿಯಂ ಕಡ್ಡಿಗಳಿದ್ದವು. ಗುಂಡಿಯನ್ನು ಒತ್ತಿದಾಗ ಚಿಕ್ಕ ಸುತ್ತಿಗೆಯು ಕಡ್ಡಿಯನ್ನು ಹೊಡೆಯುವುದು. ಮನುಷ್ಯರ ಕಿವಿಗೆ ಕೇಳಿಸದಷ್ಟು ಮೇಲಿನ ಸ್ಥಾಯಿಯ ಸ್ವರವು ಹೊರಡುವುದು. ಟೆಲಿವಿಷನ್ನು ಆ ಸ್ವರವನ್ನು ಕೇಳಿ ಅಪ್ಪಣೆಯನ್ನು ನಡೆಸುವುದು. ಅದಕ್ಕೆ ಬ್ಯಾಟರಿಯೇ ಬೇಕಾಗಿರಲಿಲ್ಲ. ಬ್ಯಾಟರಿಯು ತೀರಿದರೆ ಟೆಲಿವಿಷನ್ನೇ ಕೆಟ್ಟಿತೆಂದು ಜನರು ತಿಳಿದಾರೆಂಬ ಭಯವು ಮಾರಾಟಗಾರರಿಗಿತ್ತಂತೆ. ನಮ್ಮ ಮನೆಗಳ ಅಜ್ಜಿಯರನ್ನು ಬಲ್ಲವರು ಆ ಭಯವು ನಿರಾಧಾರವಾದುದೆಂದು ಹೇಳಲಾರರು.

ಆಮೇಲೆ 1980ರ ದಶಕದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವು ಆ ಸ್ವರದ ಸ್ಥಾನವನ್ನು ಆಕ್ರಮಿಸಿತು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ರಿಮೋಟಿನ ಮೂತಿಯನ್ನು ಮೊಬೈಲ್ ಫೋನಿನ ಕ್ಯಾಮರಾದ ಎದುರಿಗೆ ಹಿಡಿದು ಗುಂಡಿಯನ್ನು ಒತ್ತಿ ತೋರಿಸುತ್ತಾರೆ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಅನೇಕ ಫೋನುಗಳ ಪರದೆಯಲ್ಲಿ ನಸುನೇರಳೆಯ ಬೆಳಕು ಮಿನುಗುವುದು. ತಾಯಂದಿರು ಈ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ರಿಮೋಟು ಕೆಟ್ಟಿದೆಯೋ ಬ್ಯಾಟರಿಯು ತೀರಿದೆಯೋ ಎಂಬ ಅನುಮಾನಕ್ಕೂ ಇದರಿಂದ ಸ್ವಲ್ಪ ಸಮಾಧಾನ ದೊರೆಯುವುದು.

ಈಗ ಬಾಯಿಮಾತಿನ ಅಪ್ಪಣೆಗೆ ಬರೋಣ. ಮನುಷ್ಯರ ಮಾತನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನವು 1952ರಷ್ಟು ಹಿಂದಿನದು. ಆ ವರ್ಷ ಅಮೆರಿಕಾದ ಬೆಲ್ ಪ್ರಯೋಗಶಾಲೆಯವರು ಬಾಯಿಯಿಂದ ಹೇಳಿದ ಅಂಕಿಗಳನ್ನು ಗುರುತಿಸುವ ಒಂದು ಯಂತ್ರವನ್ನು ಕಟ್ಟಿದರು. 1962ರಲ್ಲಿ ಐಬಿಎಂ ಕಂಪನಿಯು ತೋರಿಸಿದ ಯಂತ್ರಕ್ಕೆ ತಿಳಿಯುತ್ತಿದ್ದದ್ದು 16 ಪದಗಳು ಮಾತ್ರ. 2014ರಲ್ಲಿ ಅಮೆಜಾನ್ ಕಂಪನಿಯು ‘ಅಲೆಕ್ಸಾ’ ಎಂದು ಕರೆದರೆ ಓಗೊಡುವ ಸಾಧನವನ್ನು ಹೊರತಂದಿತು. 2017ರಲ್ಲಿ ಅದು ಭಾರತಕ್ಕೆ ಬಂತು. ಅದೇ 2017ರಲ್ಲಿ ಗೂಗಲ್ ಕಂಪನಿಯು ಬಾಯಿಂದ ಹೇಳಿದ್ದನ್ನು ಬರೆದುಕೊಳ್ಳುವ ತನ್ನ ಏರ್ಪಾಡಿಗೆ ಕನ್ನಡವನ್ನೂ ಸೇರಿಸಿತು. ಸಾಮಾನ್ಯವಾಗಿ ನಾವು ರಿಮೋಟಿನಲ್ಲಿ ಹೇಳಿದ ಮಾತು ಟೆಲಿವಿಷನ್ನಿನೊಳಗೇ ಅರ್ಥವಾಗುವುದಿಲ್ಲ. ಅದು ಇಂಟರ್ನೆಟ್ಟಿನ ಮೂಲಕ ದೂರದಲ್ಲಿರುವ ದೊಡ್ಡ ಕಂಪ್ಯೂಟರುಗಳಿಗೆ ಹೋಗಿ, ಅಲ್ಲಿ ಅಕ್ಷರರೂಪವನ್ನು ತಾಳಿ, ಅಪ್ಪಣೆಯಾಗಿ ಮರಳಿ ಬರುವುದು. ಅಡಿಗೆಮನೆಯಿಂದ ನಡುಮನೆಗೆ ಹೇಳಿದ ಮಾತು ಪರದೇಶವನ್ನು ಸುತ್ತಿ ಬರುವುದೂ ಉಂಟು.

ಇದರಿಂದಾಗುವ ಉಪಕಾರವನ್ನು ನಾವು ಮೊದಲು ಒಪ್ಪಿಕೊಳ್ಳಲೇಬೇಕು. ನಮ್ಮ ಶಾಲೆಯಲ್ಲಿ ಬಹುಕಾಲ ಹೊಲಿಗೆಯನ್ನು ಕಲಿಸಿ ನಿವೃತ್ತರಾದ ಒಬ್ಬ ಉಪಾಧ್ಯಾಯಿನಿಯವರಿಗೆ ಈಗ ಕಣ್ಣು ಮಂಜಾಗಿದೆ. ರಿಮೋಟಿನ ಮೇಲಿನ ಗುಂಡಿಗಳು ಅವರಿಗೆ ರಾಗಿಕಾಳಿನ ಹಾಗೆ ಒಂದೇ ಸಮನಾಗಿ ಕಾಣುವುವು. ಅವರ ಮೊಮ್ಮಗಳು ಬಾಯಿಮಾತಿನ ಗುಂಡಿಯೊಂದರ ಮೇಲೆ ಸೂಜಿದಾರದಿಂದ ಬಿಗಿದ ಒಂದು ಚಿಕ್ಕ ಬಟ್ಟೆಯನ್ನು ಸುತ್ತಿ ಗುರುತು ಮಾಡಿಕೊಟ್ಟಿದ್ದಾಳೆ. ಈಗ ಅವರು ಆ ಗುರುತನ್ನು ತಡವಿ ಹಿಡಿದು, ಭಾನುವಾರದ ಆರಾಧನೆಯನ್ನೂ ಸ್ತೋತ್ರಗೀತೆಗಳನ್ನೂ ಯಾರ ಹಂಗೂ ಇಲ್ಲದೆ ಹಾಕಿಸಿಕೊಳ್ಳುತ್ತಾರೆ. ಕೈ ನಡುಗುವವರಿಗೂ, ಹಾಸಿಗೆ ಹಿಡಿದವರಿಗೂ, ಅಕ್ಷರ ಕಲಿಯುವ ಭಾಗ್ಯವಿಲ್ಲದೆ ಹೋದವರಿಗೂ ಇದು ಊರುಗೋಲಿನಂತೆ ನೆರವಾಗುವುದು. ಆದುದರಿಂದ ಈ ಯಂತ್ರವನ್ನು ಮನೆಯೊಳಕ್ಕೆ ಬಿಡಲೇಬಾರದೆಂದು ನಮಗೆ ಪತ್ರ ಬರೆದ ಪೋಷಕರ ಅಭಿಪ್ರಾಯವನ್ನು ನಾವು ಒಪ್ಪಲಾರೆವು.

ಹಿರಿಯರಿಗೆ ಇದನ್ನು ರೂಢಿಮಾಡಿಸುವ ಕೆಲಸವು ಕಿರಿಯರಿಗೆ ಸೇರಿದ್ದು. ಆದರೆ ಅನೇಕ ಮನೆಗಳಲ್ಲಿ ಅದು ನಡೆಯುವ ರೀತಿಯನ್ನು ಕಂಡು ನಾವು ನೊಂದಿದ್ದೇವೆ. ಮಗಳು ಒಂದು ಸಾರಿ ಬೇಗಬೇಗನೆ ತೋರಿಸುವಳು. ತಾಯಿಗೆ ತಿಳಿಯದಿದ್ದರೆ, “ಎಷ್ಟು ಸಾರಿ ಹೇಳಬೇಕು, ಕೊಡಿ ಇಲ್ಲಿ” ಎಂದು ರಿಮೋಟನ್ನು ಕೈಯಿಂದ ಕಿತ್ತುಕೊಳ್ಳುವಳು. ಅಕ್ಷರಾಭ್ಯಾಸದ ಕಾಲದಲ್ಲಿ ಆ ತಾಯಿಯು ಇವಳ ಕೈ ಹಿಡಿದು ಅದೇ ‘ಅ’ಕಾರವನ್ನು ನೂರು ಸಾರಿ ತಿದ್ದಿಸಿದ್ದನ್ನು ಇವಳು ಮರೆತಳೇ? ಹಳೆಯ ವಿದ್ಯಾರ್ಥಿನಿಯರೇ, ಒಂದು ಉಪಾಯವನ್ನು ಹೇಳುತ್ತೇವೆ. ಒಂದು ದಪ್ಪ ಕಾಗದದ ಮೇಲೆ ಐದೇ ಐದು ಅಪ್ಪಣೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಟೆಲಿವಿಷನ್ನಿನ ಪಕ್ಕದಲ್ಲಿಡಿರಿ. ಗುಂಡಿಯನ್ನು ಒತ್ತಿ ಹಿಡಿಯುವುದು, ಒಂದು ಕ್ಷಣ ತಡೆಯುವುದು, ಮಾತು ಮುಗಿಯುವ ತನಕ ಬಿಡದಿರುವುದು, ಈ ಮೂರನ್ನು ಒಂದು ದಿನ ಒಂದರಂತೆ ಕಲಿಸಿರಿ. ರಿಮೋಟು ಕಲಿಯುವವರ ಕೈಯಲ್ಲಿಯೇ ಇರಲಿ. ತರಬೇತಿ ಹೊಂದಿದ ಯಾವ ಉಪಾಧ್ಯಾಯಿನಿಯೂ ಶಿಷ್ಯೆಯ ಕೈಯಿಂದ ಬಳಪವನ್ನು ಕಿತ್ತುಕೊಂಡು ತಾನೇ ಬರೆದು ಪಾಠ ಮುಗಿಯಿತೆನ್ನಳು.

ಇನ್ನು ನಮ್ಮ ಆಕ್ಷೇಪಣೆಗಳನ್ನು ಹೇಳುತ್ತೇವೆ. ಒಂದನೆಯದಾಗಿ, ಈ ಯಂತ್ರವು ಯಾರ ಮಾತನ್ನು ಹೆಚ್ಚಾಗಿ ಕೇಳಿ ಕಲಿತಿದೆಯೋ ಅವರ ಮಾತನ್ನೇ ಚೆನ್ನಾಗಿ ತಿಳಿಯುವುದು. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಅಮೆರಿಕಾದ ಐದು ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದಗಳು ತಪ್ಪಾದರೆ ಕರಿಯರ ಮಾತಿನಲ್ಲಿ ಸುಮಾರು 35 ಪದಗಳು ತಪ್ಪಾದವು. ಇಬ್ಬರದೂ ಇಂಗ್ಲಿಷ್ ಭಾಷೆಯೇ. ಹೀಗಿರುವಲ್ಲಿ ಮಂಗಳೂರಿನ, ಧಾರವಾಡದ, ಮೈಸೂರಿನ, ಕಲಬುರಗಿಯ ಕನ್ನಡಗಳ ಗತಿಯೇನು? ಹಕಾರವನ್ನು ಬಿಟ್ಟು ನುಡಿಯುವ ಅಜ್ಜಿಯು ಹಾಸನವೆಂದರೆ ಯಂತ್ರಕ್ಕೆ ಆಸನವೆಂದು ಕೇಳಿಸುವುದು. ನಮ್ಮ ಬೋರ್ಡಿಂಗಿನ ಹುಡುಗಿಯರು ಕನ್ನಡದ ಅಪ್ಪಣೆಗಿಂತ ಇಂಗ್ಲಿಷಿನದು ಬೇಗ ನಡೆಯುವುದೆಂದು ಒಂದೇ ವಾರದಲ್ಲಿ ಕಂಡುಕೊಂಡು ಕನ್ನಡವನ್ನು ಬಿಟ್ಟುಬಿಟ್ಟರು. ಕೇಳಿಸಿಕೊಳ್ಳದೆ ಹೋದದ್ದು ಯಂತ್ರದ ಕೊರತೆ. ಆದರೆ ಮನೆಯಲ್ಲಿ ಹಿರಿಯರು, “ನನ್ನ ಮಾತೇ ಸರಿಯಿಲ್ಲ” ಎಂದು ನಾಚಿ ಸುಮ್ಮನಾಗುತ್ತಾರೆ. ಇದನ್ನು ನಾವು ಸಹಿಸಲಾರೆವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ದೊಡ್ಡ ನಿಘಂಟಿಗಾಗಿ ಕಿಟ್ಟೆಲ್ ಪಂಡಿತರು ಗ್ರಂಥಗಳ ಮಾತನ್ನಲ್ಲದೆ ಜನರ ಆಡುಮಾತನ್ನೂ ಗಾದೆಗಳನ್ನೂ ವರ್ಷಗಟ್ಟಲೆ ಕೂಡಿಸಿದರು. ಪರದೇಶಿಯಾದ ಒಬ್ಬ ಮನುಷ್ಯನು ಅಷ್ಟು ತಾಳ್ಮೆಯಿಂದ ಕೇಳಬಲ್ಲವನಾಗಿದ್ದರೆ, ಇಷ್ಟು ಧನಬಲವುಳ್ಳ ಕಂಪನಿಗಳಿಂದ ಅಷ್ಟನ್ನು ನಾವು ಕೇಳುವುದು ಅತಿಯಾಸೆಯಲ್ಲ.

ಎರಡನೆಯದಾಗಿ, ಅಪ್ಪಣೆಯ ದನಿಯ ವಿಷಯ. ಯಂತ್ರಕ್ಕೆ ಹೇಳುವ ಮಾತಿನಲ್ಲಿ ‘ಹಾಕು’, ‘ನಿಲ್ಲಿಸು’, ‘ತೋರಿಸು’ ಎಂಬುವೇ ಇರುವುವು. ದಯವಿಟ್ಟು ಎಂಬುದಿಲ್ಲ, ಸಂಬೋಧನೆಯಿಲ್ಲ, ಆದಮೇಲೆ ಉಪಕಾರ ಸ್ಮರಣೆಯೂ ಇಲ್ಲ. ಯಂತ್ರಕ್ಕೆ ಮರ್ಯಾದೆಯೇಕೆಂದು ಕೆಲವರು ಕೇಳುವರು. ಅದು ನ್ಯಾಯವಾದ ಪ್ರಶ್ನೆಯೇ. ಕಬ್ಬಿಣದ ಪೆಟ್ಟಿಗೆಗೆ ಮನಸ್ಸು ನೋಯುವುದಿಲ್ಲ. ಆದರೆ ನಾಲಿಗೆಯು ಅಭ್ಯಾಸಕ್ಕೆ ಅಡಿಯಾಳು. ಯಾಕೋಬನ ಪತ್ರಿಕೆಯಲ್ಲಿ ನಾಲಿಗೆಯನ್ನು ದೊಡ್ಡ ಹಡಗನ್ನು ತಿರುಗಿಸುವ ಚಿಕ್ಕ ಚುಕ್ಕಾಣಿಗೆ ಹೋಲಿಸಿರುವುದನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಬೆಳಗಿನಿಂದ ಸಂಜೆಯ ವರೆಗೆ ನಡುಮನೆಯಲ್ಲಿ ‘ಹಾಕು, ನಿಲ್ಲಿಸು’ ಎಂದ ಮಗುವು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೂ ಕೆಲಸದ ಹೆಂಗಸಿಗೂ ಅದೇ ದನಿಯಲ್ಲಿ ಮಾತನಾಡುವುದನ್ನು ನಾವು ಕಿವಿಯಾರೆ ಕೇಳಿದ್ದೇವೆ. 2018ರಲ್ಲಿ ಅಮೆಜಾನ್, ಗೂಗಲ್ ಕಂಪನಿಗಳು ಮಕ್ಕಳು ದಯವಿಟ್ಟು ಎಂದು ಕೇಳಿದರೆ ಮೆಚ್ಚುಗೆಯ ಮಾತನ್ನು ಹೇಳುವಂತೆ ತಮ್ಮ ಯಂತ್ರಗಳಲ್ಲಿ ಏರ್ಪಾಡು ಮಾಡಿದವು. ಉದ್ದೇಶವು ಒಳ್ಳೆಯದೇ. ಆದರೂ ಮರ್ಯಾದೆಯ ಪಾಠವನ್ನು ಯಂತ್ರಕ್ಕೆ ವಹಿಸಿ ತಂದೆತಾಯಿಗಳು ನಿಶ್ಚಿಂತರಾಗತಕ್ಕದ್ದಲ್ಲ.

ಇದರಲ್ಲಿ ಹೆಣ್ಣುಮಕ್ಕಳ ಶಾಲೆಯಾದ ನಮಗೆ ವಿಶೇಷವಾಗಿ ಸಂಬಂಧಪಟ್ಟ ಒಂದು ಸಂಗತಿಯುಂಟು. ಇಂಥ ಯಂತ್ರಗಳಲ್ಲಿ ಅನೇಕಕ್ಕೆ ಹೆಣ್ಣಿನ ಹೆಸರನ್ನೂ ಹೆಣ್ಣಿನ ದನಿಯನ್ನೂ ಕೊಟ್ಟು ಮಾರಾಟಕ್ಕೆ ತಂದರು. ಎಷ್ಟು ಬೈದರೂ ತಗ್ಗಿದ ದನಿಯಲ್ಲಿಯೇ ಉತ್ತರ ಕೊಡುವ ಈ ‘ಸೇವಕಿ’ಯರಿಂದ ಹೆಂಗಸರನ್ನು ಕುರಿತ ಹಳೆಯ ದುರಭಿಪ್ರಾಯಗಳು ಬಲವಾಗುವುವೆಂದು ಯುನೆಸ್ಕೊ ಸಂಸ್ಥೆಯು 2019ರಲ್ಲಿ ಒಂದು ವರದಿಯಲ್ಲಿ ಎಚ್ಚರಿಸಿತು. 2021ರಲ್ಲಿ ಆಪಲ್ ಕಂಪನಿಯು ತನ್ನ ಇಂಗ್ಲಿಷ್ ಯಂತ್ರಧ್ವನಿಗೆ ಹೆಣ್ಣಿನ ದನಿಯನ್ನು ತಾನಾಗಿಯೇ ಹಾಕುವುದನ್ನು ಬಿಟ್ಟು, ಆಯ್ಕೆಯನ್ನು ಬಳಸುವವರಿಗೆ ಕೊಟ್ಟಿತು. ನಿಮ್ಮ ಮನೆಯ ಯಂತ್ರದಲ್ಲಿಯೂ ದನಿಯನ್ನು ಬದಲಾಯಿಸುವ ಅವಕಾಶವಿದ್ದರೆ ಬದಲಾಯಿಸಿರಿ. ಕರೆದೊಡನೆ ಓಡಿಬಂದು, ಬೈದರೂ ಎದುರಾಡದೆ, ಎಂದೂ ದಣಿಯದೆ ದುಡಿಯುವವಳೇ ಹೆಂಗಸು ಎಂಬ ಪಾಠವನ್ನು ನಿಮ್ಮ ಗಂಡುಮಕ್ಕಳು ಆಟದಲ್ಲಿಯೂ ಕಲಿಯಬಾರದು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಹೆಣ್ಣುಮಕ್ಕಳು ಕಲಿಯಬಾರದು.

ಮೂರನೆಯದಾಗಿ, ಮನೆಯ ಮಾತು ಮನೆಯಲ್ಲಿಯೇ ಇರುವುದು ಲೇಸು. ಗುಂಡಿಯನ್ನು ಒತ್ತಿದಾಗ ಮಾತ್ರ ಕೇಳುವ ರಿಮೋಟು ಒಂದು ವಿಧ. ಹೆಸರು ಹಿಡಿದು ಕರೆಯುವುದಕ್ಕಾಗಿ ಸದಾ ಕಿವಿ ತೆರೆದುಕೊಂಡಿರುವ ಯಂತ್ರವು ಮತ್ತೊಂದು ವಿಧ. ಎರಡನೆಯದು ತನ್ನ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡರೆ ಕೇಳಬಾರದ ಮಾತನ್ನೂ ಹೊರಕ್ಕೆ ಕಳುಹಿಸಿಬಿಡಬಹುದು. ಅಲೆಕ್ಸಾ ಯಂತ್ರದಲ್ಲಿ ಮಕ್ಕಳ ಧ್ವನಿಯನ್ನು ಕಾನೂನಿಗೆ ವಿರೋಧವಾಗಿ ಕೂಡಿಟ್ಟುಕೊಳ್ಳಲಾಗಿತ್ತೆಂದು ಅಮೆರಿಕಾದ ಸರಕಾರವು ಹೂಡಿದ ವ್ಯಾಜ್ಯವನ್ನು ತೀರಿಸಿಕೊಳ್ಳುವುದಕ್ಕೆ ಅಮೆಜಾನ್ ಕಂಪನಿಯು 2023ರಲ್ಲಿ 2 ಕೋಟಿ 50 ಲಕ್ಷ ಡಾಲರು ದಂಡ ತೆರಲು ಒಪ್ಪಿಕೊಂಡಿತು. ಅದೇ ವರ್ಷ ನಮ್ಮ ದೇಶದ ಪಾರ್ಲಿಮೆಂಟು ಅಂಗೀಕರಿಸಿದ ಖಾಸಗಿ ದತ್ತಾಂಶದ ಕಾಯಿದೆಯಲ್ಲಿಯೂ 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯು ಬೇಕೆಂದು ವಿಧಿಸಲಾಗಿದೆ. ಆ ಒಪ್ಪಿಗೆಯನ್ನು ಕೇಳುವ ಪುಟವು ಪರದೆಯ ಮೇಲೆ ಬಂದಾಗ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತಿಬಿಡುವುದು ನಮ್ಮೆಲ್ಲರ ರೂಢಿ. ಆದುದರಿಂದ ಗುಂಡಿಯನ್ನು ಒತ್ತಿ ಮಾತನಾಡುವ ವಿಧವನ್ನೇ ಆರಿಸಿಕೊಳ್ಳಿರಿ. ಸದಾ ಆಲಿಸುವ ಕಿವಿಯನ್ನು ಮುಚ್ಚುವ ಗುಂಡಿಯಿದ್ದರೆ, ಮುಖ್ಯವಾಗಿ ಕುಟುಂಬ ಪ್ರಾರ್ಥನೆಯ ವೇಳೆಯಲ್ಲಿಯೂ ಮನೆಯ ಕಷ್ಟಸುಖಗಳನ್ನು ಮಾತನಾಡುವ ವೇಳೆಯಲ್ಲಿಯೂ ಮುಚ್ಚಿರಿ. ಹಿಂದೆ ಕೂಡಿಟ್ಟ ಮಾತುಗಳನ್ನು ಅಳಿಸುವ ದಾರಿಯನ್ನು ಮಕ್ಕಳಿಂದಾದರೂ ಕೇಳಿ ತಿಳಿದುಕೊಳ್ಳಿರಿ.

ಕಡೆಯದಾಗಿ, ನಾವು ಆರಂಭದಲ್ಲಿ ಹೇಳಿದ ಹುಡುಗಿಯ ವಿಷಯ. ಈ ಯಂತ್ರಗಳು ಮಾತಿನ ನಡುವೆ ಸ್ವಲ್ಪ ಮೌನ ಬಂದರೆ ಮಾತೇ ಮುಗಿಯಿತೆಂದು ತಿಳಿದುಬಿಡುವುವು. ಯಂತ್ರಕ್ಕೆ ಕಾಯಲು ತಿಳಿಯದು. ಅದನ್ನು ಕ್ಷಮಿಸಬಹುದು. ನಮ್ಮನ್ನು ನೋಯಿಸಿದ್ದು ಅಂದಿನ ನಗು. ಯಂತ್ರವು ಮೂರು ಸಾರಿ ತಡೆದ ಮಾತ್ರಕ್ಕೆ, ತಮ್ಮ ಜೊತೆಯಲ್ಲಿ ಮೂರು ವರ್ಷ ಉಂಡು ಮಲಗಿದ ಗೆಳತಿಯ ಮಾತಿಗೆ ಬೆಲೆಯಿಲ್ಲವೆಂದು ಹುಡುಗಿಯರು ಒಂದು ಗಳಿಗೆಯಾದರೂ ಎಣಿಸಿದರಲ್ಲಾ! ತನ್ನ ಬಾಯಿ ಮಂದವೆಂದು ಹಿಂಜರಿದ ಮೋಶೆಯನ್ನೇ ದೇವರು ತನ್ನ ಜನರ ಮುಂದಾಳಾಗಿ ಆರಿಸಿಕೊಂಡನೆಂಬುದನ್ನು ನಾವು ಅವರಿಗೆ ಮಾರನೆಯ ಬೆಳಗಿನ ಪ್ರಾರ್ಥನೆಯಲ್ಲಿ ನೆನಪಿಗೆ ತಂದೆವು. ಆದರೆ ಉಪದೇಶವು ಒಂದು ದಿನದ ಕೆಲಸ, ಅಭ್ಯಾಸವು ಬಹುದಿನದ ಕೆಲಸ. ಆದುದರಿಂದ ಬೋರ್ಡಿಂಗಿನ ಮೇಟ್ರನ್ನರ ಸಲಹೆಯಂತೆ ಎರಡು ನಿಯಮಗಳನ್ನು ಮಾಡಿದೆವು. ಟೆಲಿವಿಷನ್ನಿನ ಮುಂದೆ ಅಪ್ಪಣೆ ಕೊಡುವ ಸರದಿಯು ಎಲ್ಲರಿಗೂ ಉಂಟು; ಬಾಯಿಂದ ಹೇಳುವವರು ಬಾಯಿಂದ ಹೇಳಲಿ, ಗುಂಡಿಯಿಂದ ಅಕ್ಷರಗಳನ್ನು ಒತ್ತುವವರು ಒತ್ತಲಿ; ಎಷ್ಟು ಹೊತ್ತಾದರೂ ಉಳಿದವರು ಕಾಯತಕ್ಕದ್ದು. ಮತ್ತು ಊಟದ ಮೇಜಿನ ಬಳಿ ಮಾತನಾಡುವವರ ವಾಕ್ಯವನ್ನು ಬೇರೊಬ್ಬರು ಮುಗಿಸಿಕೊಡಕೂಡದು.

ಈ ಎರಡನೆಯ ನಿಯಮವು ಪಾಲಿಸಲು ಬಹಳ ಕಠಿಣವಾದುದೆಂದು ಉಪಾಧ್ಯಾಯಿನಿಯರಾದ ನಮಗೇ ಅನುಭವವಾಯಿತು. ಮಕ್ಕಳ ಉತ್ತರವನ್ನು ಅರ್ಧದಲ್ಲಿ ಕಿತ್ತುಕೊಂಡು ನಾವೇ ಮುಗಿಸುವ ರೂಢಿಯು ನಮ್ಮಲ್ಲಿ ಎಷ್ಟೆಂಬುದು ಆಗ ತಿಳಿಯಿತು. ಯಂತ್ರವನ್ನು ದೂರುವುದಕ್ಕೆ ಮೊದಲು ನಾವು ನಮ್ಮನ್ನೇ ತಿದ್ದಿಕೊಳ್ಳಬೇಕಾಯಿತು.

ಕಳೆದ ಆಗಮನ ಕಾಲದ ಒಂದು ಸಾಯಂಕಾಲ, ಬೋರ್ಡಿಂಗಿನ ಪ್ರಾರ್ಥನೆಯಲ್ಲಿ ವೇದಪಾಠವನ್ನು ಓದುವ ಸರದಿಯನ್ನು ಆ ಹುಡುಗಿಯು ತಾನಾಗಿ ಕೇಳಿಕೊಂಡಳು. ಮೂರು ನಿಮಿಷಗಳಲ್ಲಿ ಮುಗಿಯುವ ಭಾಗಕ್ಕೆ ಒಂಬತ್ತು ನಿಮಿಷಗಳು ಹಿಡಿದವು. ಒಬ್ಬಳೂ ಕೆಮ್ಮಲಿಲ್ಲ, ಯಾರೂ ಗಡಿಯಾರವನ್ನು ನೋಡಲಿಲ್ಲ. ಕಡೆಯ ಪದವನ್ನು ಅವಳೇ ಹೇಳಿ ಪುಸ್ತಕವನ್ನು ಮುಚ್ಚಿದಳು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಹೊಸ ಸಾಧನಗಳು ಇನ್ನೂ ಬರುವುವು. ಅವನ್ನು ಕಲಿಯಿರಿ, ಹಿರಿಯರಿಗೂ ತಾಳ್ಮೆಯಿಂದ ಕಲಿಸಿರಿ. ಕರೆದೊಡನೆ ಓಗೊಡುವ ಯಂತ್ರವು ನಡುಮನೆಯಲ್ಲಿರಲಿ. ಆದರೆ ಒಳಗಿನಿಂದ ತಾಯಿಯು ಕರೆದಾಗ ‘ಬಂದೆ’ ಎನ್ನುವ ದನಿಯೂ, ಮೆಲ್ಲಗೆ ಮಾತನಾಡುವವರ ಮಾತು ಮುಗಿಯುವ ತನಕ ಕಾಯುವ ಕಿವಿಯೂ ಮನೆಯ ಜನರಲ್ಲಿಯೇ ಉಳಿಯಲಿ. ಕರ್ತನು ನಿಮ್ಮ ಮನೆಗಳನ್ನು ಆಶೀರ್ವದಿಸಲೆಂದು ಪ್ರಾರ್ಥಿಸುತ್ತಾ ಇಲ್ಲಿಗೆ ಮುಗಿಸುತ್ತೇವೆ.